ಮೂರನೆಯ ವಾರದ ಗಂಡ

ಮೂರು ವಾರಕ್ಕೆ ಮೂವರು ಗಂಡಂದಿರು ನನಗೆ,
ಹೆಸರು ಮಾತ್ರ ಒಂದೇ: ಜುಂಬೆರ್.
ಟಿಬಿಲಿಸಿಯ ಈ ಇಳಿಜಾರು ಓಣಿಯಲ್ಲಿ
ನೆಲಮಾಳಿಗೆಯ ರೊಟ್ಟಿ ಅಂಗಡಿ ನಮ್ಮದು;
ಬೇಕಾದರೆ ಯಾರನ್ನಾದರೂ ಕೇಳಿ.

ಇಂಜೆಕ್ಷನ್ ಆದ ವಾರ ಬರುವವನು
ಎರಡೆರಡು ಮೆಟ್ಟಿಲು ಹಾರುತ್ತಾನೆ,
ಮೈದಾಹಿಟ್ಟಿನ ಲಾರಿಗೆ ಅಡ್ಡ ನಿಂತು
ಹಳೆಯ ಲೆಕ್ಕ ಕೆದಕುತ್ತಾನೆ,
ರಾತ್ರಿ ನನ್ನನ್ನು ಮಲಗಗೊಡುವುದಿಲ್ಲ.
ಐವತ್ತಾರು ನನಗೆ. ದಿಂಬು ಬಾಯಿಗೊತ್ತಿಕೊಂಡು ನಗುತ್ತೇನೆ,
ಪಕ್ಕದ ಮನೆಯ ಗೋಡೆ ತೆಳು.

ಎರಡನೆಯವನು ನಾನು ಮದುವೆಯಾದವನು.
ಅವನ ವಿಷಯ ಹೇಳುವಂಥದ್ದೇನಿಲ್ಲ.

ಮೂರನೆಯವನು ನೀರು ಹೆಚ್ಚಾದ ಹಿಟ್ಟು.
ಎತ್ತಿದರೆ ಜೋಲುತ್ತಾನೆ, ಬಡಿದರೆ ಅಂಟುವುದಿಲ್ಲ.
ಚಹಾ ಆರಿತೆಂದು ಒಮ್ಮೆ
ಗೋಡೆಯ ಕಡೆ ತಿರುಗಿ ಅತ್ತ.
ನಾನು ಚಹಾ ಬಿಸಿ ಮಾಡಿದೆ. ಮತ್ತೇನು ಮಾಡಲಿ?

ಮಿದುಳಿನ ಬುಡದಲ್ಲಿದ್ದ ಕಡಲೆಯಷ್ಟು ಗಂಟನ್ನು
ಮೂಗಿನ ದಾರಿಯಿಂದ ತೆಗೆದಿದ್ದರು.
ಅದರ ಜೊತೆಗೇ ಹೋದ,
ಗಂಡಸುತನದ ಕಾಗದಕ್ಕೆ ದಿನಾ ಮೊಹರು ಒತ್ತುತ್ತಿದ್ದ
ಒಳಗಿನ ಗುಮಾಸ್ತ.
ಗುಮಾಸ್ತ ಅಂದದ್ದು ಡಾಕ್ಟರ್ ಕೆಟೆವಾನ್ ಅಲ್ಲ, ನಾನು.
ಆಕೆ ಹಾರ್ಮೋನು ಅಂದರು.

ಮೊದಲು ಪ್ಯಾಚು. ಬೆಳಗಿನ ಮೂರಕ್ಕೆ
ಒಲೆಯ ಬಾಯೊಳಗೆ ಸೊಂಟದವರೆಗೆ ಬಗ್ಗಿ
ಮಣ್ಣಿನ ಗೋಡೆಗೆ ಹಿಟ್ಟು ಬಡಿಯುವವನ ಬೆನ್ನಮೇಲೆ
ಯಾವ ಪ್ಯಾಚು ನಿಂತೀತು?
ಒಂದು ಬೆಂಕಿಗೆ ಬಿತ್ತು.
ಇನ್ನೊಂದನ್ನು ಸಂಗೀತದ ಮೇಷ್ಟ್ರು ರೆವಾಜ್
ರೊಟ್ಟಿಯ ಅಡಿಯಿಂದ ಸುಲಿದು ಹಿಡಿದು
'ಇದಕ್ಕೂ ತೂಕ ಹಾಕಿದೆಯಾ?' ಅಂದರು.

ಆಮೇಲೆ ಜೆಲ್. ತಣ್ಣಗೆ, ಸ್ಪಿರಿಟ್ಟಿನ ವಾಸನೆ.
ಕೆಲಸ ಮುಗಿಸಿ, ಮಿಂದು,
ಹೆಗಲಿಗೆ ಸವರಿಕೊಂಡು ಆರಲು ಕಾಯುತ್ತಿದ್ದ,
ಹೊಸ ಬಣ್ಣ ಬಳಿದ ಬಾಗಿಲಿನ ಹಾಗೆ.
ಚೆನ್ನಾಗಿಯೇ ಹಿಡಿದಿತ್ತು ಅದು.
ಆದರೆ ಎಲೆನೆ, ಎರಡು ವರ್ಷದ ಮೊಮ್ಮಗಳು,
ನಿದ್ದೆ ಬಂದರೆ ಆ ಹೆಗಲೇ ಬೇಕು.
ಮಗುವಿನ ಚರ್ಮಕ್ಕೆ ತಾಗಬಾರದು ಅಂದಿದ್ದರು ಡಾಕ್ಟರು,
ಅಂಗಿ ತೊಟ್ಟರೆ ಸಾಕು ಅಂದಿದ್ದರು.
ಅಂಗಿ ತೊಟ್ಟ, ಮೇಲೆ ಸ್ವೆಟರ್ ತೊಟ್ಟ,
ಆದರೂ ಅವಳು ಕೈ ಚಾಚಿದರೆ
ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದ,
ಕಳ್ಳನ ಹಾಗೆ.
ಅವಳು ಚಾಚುವುದನ್ನು ಬಿಟ್ಟ ದಿನ
ಟ್ಯೂಬನ್ನು ಕಸಕ್ಕೆ ಎಸೆದು ಬಂದ,
ಅರ್ಧ ತುಂಬಿತ್ತು ಇನ್ನೂ.

ಹಾಗೆ ಬಂತು ಈ ಇಂಜೆಕ್ಷನ್,
ಹಾಗೆ ಬಂದರು ಆ ಮೂವರು.

'ಹೇಗಿದ್ದೀರಿ?' ಅಂತ ಡಾಕ್ಟರು ಕೇಳಿದಾಗಲೆಲ್ಲ
'ಪರವಾಗಿಲ್ಲ' ಅನ್ನುವುದು ಅವನ ರೂಢಿ.
ಈ ಚಳಿಗಾಲ ಮಾತ್ರ, ಮೂರನೆಯ ವಾರದ ಕೊನೆಗೆ,
ತೋಳಿನಿಂದ ರಕ್ತ ತೆಗೆಸಿಕೊಂಡು
ಹತ್ತಿ ಒತ್ತಿ ಹಿಡಿದು ಕೂತವನು
ನೆಲ ನೋಡುತ್ತಾ ಹೇಳಿದ:
'ಮೂರು ದಿನದ ಸೌದೆ ಒಂದೇ ಸಲ ತುರುಕಿದರೆ
ಮೊದಲ ರೊಟ್ಟಿ ಕರಕಲು, ಕಡೆಯದು ಹಸಿ.
ಒಲೆಯ ತಪ್ಪಲ್ಲ.'

ಕೆಟೆವಾನ್ ಪೆನ್ನು ಕೆಳಗಿಟ್ಟರು.
ರಕ್ತ ಗಟ್ಟಿಯಾಗುತ್ತಿದೆ, ಅಳತೆ ತಗ್ಗಿಸಬೇಕು ಅಂತಲೇ ಇದ್ದೆ ಅಂದರು,
ಕೆಂಪು ಸುತ್ತು ಹಾಕಿದ ಅಂಕಿಯೊಂದನ್ನು ತೋರಿಸಿದರು.
ಇನ್ನು ವಾರಕ್ಕೊಮ್ಮೆ, ಸ್ವಲ್ಪವೇ,
ಹೊಟ್ಟೆಯ ಚರ್ಮದ ಕೆಳಗೆ, ಸಣ್ಣ ಸೂಜಿ.
ಆರು ವಾರಕ್ಕೆ ಮತ್ತೆ ರಕ್ತ ನೋಡೋಣ,
ಹದ ಒಂದೇ ಸಲಕ್ಕೆ ಸಿಗುವುದಿಲ್ಲ.
'ಗೊತ್ತು,' ಅಂದ ಇವನು, ರೊಟ್ಟಿಯವನ ಜಂಬದಲ್ಲಿ.

ಸೂಜಿ ನನ್ನ ಪಾಲಿಗೆ ಬಂತು. ಪ್ರತಿ ಶನಿವಾರ.
ಚಳಿಗೆ ಎಣ್ಣೆ ಮಂದವಾಗಿರುತ್ತದೆ;
ಸೀಸೆಯನ್ನು ಮುಷ್ಟಿಯಲ್ಲಿಟ್ಟು ಬಿಸಿ ಮಾಡುತ್ತಾನೆ,
ಕೋಳಿಮರಿ ಹಿಡಿದ ಹುಡುಗನ ಹಾಗೆ.
ನಾನು ಚರ್ಮ ಚಿವುಟುತ್ತೇನೆ,
ಅವನು ಹಿಟ್ಟಿನ ಬೆಲೆ ಮಾತಾಡುತ್ತಾನೆ.

ಈಗ ಎಲ್ಲ ವಾರವೂ ಹೆಚ್ಚುಕಡಿಮೆ ಎರಡನೆಯವನೇ.
ಲಾರಿಯವನು ಆರೋಗ್ಯ ವಿಚಾರಿಸಿದ.
ಎಲೆನೆ ಹೆಗಲೇರಿದ್ದಾಳೆ, ಅಲ್ಲೇ ಜೊಲ್ಲು ಸುರಿಸುತ್ತಾಳೆ.

ಆ ಮೊದಲ ವಾರದವನು
ಒಂದೊಂದು ರಾತ್ರಿ ನೆನಪಾಗುತ್ತಾನೆ.
ಕೆಟೆವಾನರಿಗೆ ಅದನ್ನು ಹೇಳಿಲ್ಲ.
ಆರು ವಾರ ಇನ್ನೂ ಆಗಿಲ್ಲ.